ಪಕ್ಕದಲ್ಲಿ ಕೂತು ಕಲಿತ ಪಿಟೀಲು

ಮೈಸೂರು ಟಿ. ಚೌಡಯ್ಯನವರನ್ನು ಪಿಟೀಲು ವಿದ್ವಾಂಸರನ್ನಾಗಿ ರೂಪಿಸಿದ ಗುರು ಹೆಸರಾಂತ ಹಾಡುಗಾರರು. ಅವರೇ ಬಿಡಾರಂ ಕೃಷ್ಣಪ್ಪ, ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದ ವಿದ್ವಾಂಸರು. 1910ರಲ್ಲಿ ತಿರುಮಕೂಡಲಿನ ಹುಡುಗನೊಬ್ಬ ಅವರ ಶಿಷ್ಯನಾಗಿ ಸೇರಿದ. 1918ರವರೆಗೆ ಗುರುಕುಲದ ಕಟ್ಟುನಿಟ್ಟಿನ ಅಭ್ಯಾಸ ನಡೆಯಿತು. ಆ ಎಂಟು ವರ್ಷ ಹುಡುಗನ ಎದುರಿಗಿದ್ದ ಮಾದರಿ ಗುರುವಿನ ಕಂಠ. ಅದು ಎಲ್ಲಿ ಜಾರುತ್ತದೆ, ಎಲ್ಲಿ ತಡೆಯುತ್ತದೆ, ಯಾವ ಅಕ್ಷರದ ಮೇಲೆ ಭಾರ ಹಾಕುತ್ತದೆ ಎಂದು ಕೇಳಿ, ಅದನ್ನು ತಂತಿಯ ಮೇಲೆ ತಾನೇ ಹುಡುಕಿಕೊಳ್ಳಬೇಕು. ಕೈ ಪಳಗುವ ಮೊದಲು ಕಿವಿ ಪಳಗಬೇಕು.

ಕರ್ನಾಟಕ ಸಂಗೀತದ ಪಿಟೀಲು ವಿದ್ವಾಂಸರ ಬಗ್ಗೆ ಬರೆಯುವಾಗ ಅವರ ಕಛೇರಿಗಳನ್ನು ಮೊದಲು ಹೇಳಿ, ಕೊನೆಗೆ ‘ಅನೇಕ ಶಿಷ್ಯರನ್ನೂ ತಯಾರು ಮಾಡಿದರು’ ಎಂದು ಒಂದು ಸಾಲು ಸೇರಿಸುವ ರೂಢಿ ಇದೆ. ವೇದಿಕೆಯದು ಒಂದು ಬದುಕು, ಪಾಠದ ಕೋಣೆಯದು ಇನ್ನೊಂದು ಎಂಬಂತೆ. ಚೌಡಯ್ಯನವರ ಜೀವನವನ್ನು ನೋಡುತ್ತ ಹೋದಷ್ಟೂ ನನಗೆ ಈ ವಿಂಗಡಣೆ ಸರಿಯೆನಿಸುವುದಿಲ್ಲ. ಎರಡೂ ಕಡೆ ಬೇಕಾದ ಸಾಮರ್ಥ್ಯ ಒಂದೇ: ಇನ್ನೊಬ್ಬರು ಎತ್ತ ಹೊರಟಿದ್ದಾರೆ ಎಂಬುದನ್ನು ಅವರು ಅಲ್ಲಿ ತಲುಪುವ ಮೊದಲೇ ಕೇಳಿಸಿಕೊಳ್ಳುವುದು.

ಪಿಟೀಲು ನಮ್ಮಲ್ಲಿಗೆ ಬಂದು ಇನ್ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಾಯಿತು, ಅಷ್ಟೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ತಂಜಾವೂರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅವರಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನೇ ಕೊಟ್ಟರು. ಹೊರಗಿನಿಂದ ಬಂದ ವಾದ್ಯ ಇಷ್ಟು ಬೇಗ ಕಛೇರಿಯಲ್ಲಿ ಕಾಯಂ ಜಾಗ ಪಡೆಯಲು ಕಾರಣ ಸರಳ. ಅದರ ಕುತ್ತಿಗೆಯ ಮೇಲೆ ವೀಣೆಗಿರುವಂಥ ಮೆಟ್ಟಿಲುಗಳಿಲ್ಲ. ಬೆರಳು ಒಂದು ಸ್ವರದಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಜಾರಬಹುದು. ಮೀಟಿದ ನಾದದಂತೆ ಅದು ಕ್ಷಣದಲ್ಲಿ ಕ್ಷೀಣಿಸುವುದೂ ಇಲ್ಲ. ಕಮಾನು ಎಳೆಯುವಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಗಮಕಕ್ಕೆ ಇದಕ್ಕಿಂತ ಅನುಕೂಲವಾದ ವಾದ್ಯ ಬೇರೆ ಯಾವುದಿದ್ದೀತು?

ವಾದ್ಯದ ಆಕಾರವನ್ನು ನಮ್ಮವರು ಮುಟ್ಟಲಿಲ್ಲ. ಹಿಡಿಯುವ ರೀತಿಯನ್ನೂ ಶ್ರುತಿಯನ್ನೂ ಬದಲಿಸಿದರು. ಪಾಶ್ಚಾತ್ಯ ವಾದಕರು ಪಿಟೀಲನ್ನು ಗದ್ದಕ್ಕೂ ಭುಜಕ್ಕೂ ನಡುವೆ ಒತ್ತಿ ಹಿಡಿಯುತ್ತಾರೆ, ಎಡಗೈ ಸ್ವಲ್ಪ ಆಸರೆ ಕೊಡುತ್ತದೆ. ನಾವು ಚಕ್ಕಳಮಕ್ಕಳ ಹಾಕಿ ಕೂತು, ಒಂದು ತುದಿಯನ್ನು ಎದೆ-ಭುಜದ ಮೂಲೆಗೆ ಒರಗಿಸಿ, ಸುರುಳಿಯಿರುವ ತುದಿಯನ್ನು ಬಲಪಾದದ ಮೇಲೆ ಊರುತ್ತೇವೆ. ಆಗ ಎಡಗೈಗೆ ವಾದ್ಯ ಹೊರುವ ಕೆಲಸವೇ ಇರುವುದಿಲ್ಲ, ಅದು ಪೂರ್ತಿ ಗಮಕಕ್ಕೆ ಸಿಗುತ್ತದೆ. ಅಲ್ಲಿ ನಾಲ್ಕೂ ತಂತಿಗಳು ಐದೈದು ಸ್ವರಗಳ ಅಂತರದಲ್ಲಿ ಏರುತ್ತವೆ. ಇಲ್ಲಿ ಸ-ಪ-ಸ-ಪ. ಕೆಳಗಿನ ಎರಡು ತಂತಿಗಳಲ್ಲಿ ನುಡಿಸಿದ ಸಂಗತಿಯನ್ನು ಅದೇ ಬೆರಳುಗಳಲ್ಲಿ ಮೇಲಿನ ಸ್ಥಾಯಿಯ ಎರಡು ತಂತಿಗಳಲ್ಲೂ ನುಡಿಸಬಹುದು. ಗಾಯಕಿಯ ಎತ್ತರದ ಶ್ರುತಿಗೆ ಇಂದು, ಗಾಯಕನ ತಗ್ಗು ಶ್ರುತಿಗೆ ನಾಳೆ ಬಿರಡೆ ತಿರುಗಿಸಿ ಹೊಂದಿಸಿಕೊಳ್ಳುವುದು ಪಿಟೀಲುಗಾರರ ನಿತ್ಯದ ಪಾಡು. ತಂಬೂರಿಗೆ ಕೂಡಿಸುವ ಆ ಐದು ನಿಮಿಷದಲ್ಲೇ ಬಲ್ಲವರಿಗೆ ವಿದ್ವತ್ತಿನ ಅಂದಾಜು ಸಿಕ್ಕಿಬಿಡುತ್ತದೆ.

ಕಛೇರಿಯಲ್ಲಿ ಪಕ್ಕವಾದ್ಯದ ಕೆಲಸ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆಚ್ಚಿನ ಕೇಳುಗರು ಅದನ್ನು ಗಮನಿಸುವುದು ಅದು ಕೆಟ್ಟಾಗ ಮಾತ್ರ. ಗಾಯಕರು ಆಲಾಪನೆಗೆ ತೊಡಗಿದಾಗ ಪಿಟೀಲು ಒಂದು ಗಳಿಗೆ ಹಿಂದೆ ಮೆಲ್ಲಗೆ ಬರುತ್ತದೆ. ಅವರು ನಿಂತ ಸ್ವರದಲ್ಲಿ ತಾನೂ ನಿಲ್ಲುತ್ತದೆ. ಅವರು ಉಸಿರು ತೆಗೆದುಕೊಳ್ಳುವಾಗ ರಾಗ ಕಡಿದುಬೀಳದಂತೆ ಹಿಡಿದಿರುತ್ತದೆ. ಮುಂದಿನ ಸಂಚಾರ ಯಾವುದು ಎಂದು ಪಿಟೀಲುಗಾರರಿಗೆ ಯಾರೂ ಹೇಳಿಲ್ಲ. ಎಷ್ಟೋ ಕಛೇರಿಗಳಲ್ಲಿ ಹಾಡುವ ಕೃತಿಗಳ ಪಟ್ಟಿಯೂ ಮೊದಲೇ ತಿಳಿದಿರುವುದಿಲ್ಲ. ಒಟ್ಟಿಗೆ ಕೂತು ಅಭ್ಯಾಸ ಮಾಡಿಕೊಳ್ಳುವ ಪದ್ಧತಿ ನಮ್ಮಲ್ಲಿ ಇಲ್ಲವೆಂದರೂ ಸರಿಯೆ. ಆಮೇಲೆ ಸರದಿ ಬಂದಾಗ ಅದೇ ರಾಗವನ್ನು ಗಾಯಕರಿಗಿಂತ ಕಡಿಮೆ ಹೊತ್ತಿನಲ್ಲಿ, ಅವರದೇ ನಕಲಾಗದಂತೆ, ಅವರು ಕಟ್ಟಿದ ಭಾವವೂ ಕದಡದಂತೆ ನುಡಿಸಬೇಕು.

ನೆರವಲ್ಲಿನಲ್ಲಿ ಕಷ್ಟ ಇನ್ನೊಂದು ಬಗೆಯದು. ಗಾಯಕರು ಸಾಹಿತ್ಯದ ಒಂದೇ ಸಾಲನ್ನು ತಾಳದ ಅದೇ ಜಾಗಗಳಿಗೆ ಅಕ್ಷರ ಬೀಳುವಂತೆ ಇಟ್ಟುಕೊಂಡು, ಸಂಗೀತವನ್ನು ಮಾತ್ರ ಹೊಸದಾಗಿ ಬೆಳೆಸುತ್ತಾರೆ. ಪಿಟೀಲಿಗೆ ಮಾತಿಲ್ಲ. ಆದರೂ ಅಕ್ಷರ ಬೀಳುವಲ್ಲಿ ಕಮಾನು ತಿರುಗಬೇಕು, ದೀರ್ಘ ಬಂದಲ್ಲಿ ಎಳೆಯಬೇಕು, ಪದದ ನಡುವೆ ಕಡಿಯಬಾರದು. ಸಾಹಿತ್ಯ ಗೊತ್ತಿಲ್ಲದವರು ನುಡಿಸಿದ ನೆರವಲ್ ಕೇಳುಗರಿಗೆ ತಕ್ಷಣ ತಿಳಿಯುತ್ತದೆ. ಅದಕ್ಕೇ ಒಳ್ಳೆಯ ಪಿಟೀಲು ಗುರುಗಳು ಶಿಷ್ಯರಿಂದ ಮೊದಲು ಹಾಡಿಸುತ್ತಾರೆ. ಸ್ವರಗಳನ್ನೇ ಆ ಕ್ಷಣಕ್ಕೆ ಕಟ್ಟಿ ಹಾಡುವ ಕಲ್ಪನಾಸ್ವರದಲ್ಲಂತೂ ಗಾಯಕರು ಎರಡು ಆವರ್ತ ಹಾಡಿದರೆ ಎರಡು, ಒಂದಾದರೆ ಒಂದು, ಅರ್ಧವಾದರೆ ಅರ್ಧ. ಅದೇ ಜಾಗದಲ್ಲಿ ಬಂದು ಸೇರಬೇಕು. ಯೋಚಿಸಲು ಪುರುಸೊತ್ತು ಇರುವುದಿಲ್ಲ. ಕಿವಿ ಕೇಳುತ್ತಿರುವಾಗಲೇ ಬೆರಳು ಹೊರಟಿರಬೇಕು.

ಹಾಡುಗಾರರ ಮನೆಯಲ್ಲಿ ಎಂಟು ವರ್ಷ ಕಳೆದ ಚೌಡಯ್ಯನವರಿಗೆ ಈ ವಿದ್ಯೆ ಹೇಗೆ ಒದಗಿತು ಎಂದು ಈಗ ಊಹಿಸುವುದು ಕಷ್ಟವಲ್ಲ. ಅವರು ಹುಟ್ಟಿದ್ದು 1895ರಲ್ಲಿ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲಿನಲ್ಲಿ. ಅಲ್ಲಿಯ ದೇವರು ಅಗಸ್ತ್ಯೇಶ್ವರ, ತಂದೆಯ ಹೆಸರು ಅಗಸ್ತ್ಯೇಗೌಡ. ಮುಂದೆ ತಾವು ರಚಿಸಿದ ಕೃತಿಗಳಿಗೂ ಊರಿನ ನೆನಪಿನಲ್ಲಿ ‘ತ್ರಿಮಕುಟ’ ಎಂಬ ಅಂಕಿತ ಇಟ್ಟುಕೊಂಡರು. ಗೌಡರ ಮನೆಯ ಹುಡುಗ ಸಂಗೀತಕ್ಕೆ ಬರುವುದು ಆ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ. ಕೃಷ್ಣಪ್ಪನವರೂ ಉಡುಪಿ ಕಡೆಯ ನಂದಳಿಕೆಯಲ್ಲಿ ಹುಟ್ಟಿ, ಮೈಸೂರಿಗೆ ಬಂದು ಸ್ವಂತ ಸಾಧನೆಯಿಂದ ಮೇಲೆ ಬಂದವರು. ಕನ್ನಡ ದೇವರನಾಮಗಳನ್ನು ಕಛೇರಿಯಲ್ಲಿ ಗೌರವದಿಂದ ಹಾಡಿದವರು, ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದವರು. ಅಂಥ ಗುರುವಿನ ಪಕ್ಕದಲ್ಲಿ ಕೂತು ನುಡಿಸುವುದೇ ಶಿಷ್ಯನಿಗೆ ಪಾಠವಾಯಿತು, ಪರೀಕ್ಷೆಯೂ ಆಯಿತು.

1920ರ ದಶಕದ ಹೊತ್ತಿಗೆ ಚೌಡಯ್ಯನವರು ದೊಡ್ಡ ದೊಡ್ಡ ಗಾಯಕರಿಗೆಲ್ಲ ನುಡಿಸುತ್ತಿದ್ದರು. ಆಗ ಒಂದು ತೊಡಕು ಎದುರಾಯಿತು. ಮೈಕ್ ಇನ್ನೂ ಬಂದಿರಲಿಲ್ಲ. ಅರಮನೆಯ ತೊಟ್ಟಿಯಿಂದ ಸಂಗೀತ ಸಭಾಂಗಣಕ್ಕೂ ಚಪ್ಪರಕ್ಕೂ ಬಂದಿತ್ತು, ಕೇಳುಗರು ಸಾವಿರಗಟ್ಟಲೆ ಸೇರುತ್ತಿದ್ದರು. ಗಟ್ಟಿ ಕಂಠದ ಗಾಯಕರ ಹಾಡು ಹಿಂದಿನ ಸಾಲಿಗೆ ಹೇಗೋ ಮುಟ್ಟುತ್ತಿತ್ತು. ಪಿಟೀಲು ಮುಟ್ಟುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಏಳು ತಂತಿಯ ಪಿಟೀಲು. 1927ರ ಸುಮಾರಿಗೆ ಅದು ವೇದಿಕೆಗೆ ಬಂತು. ನಾಲ್ಕು ತಂತಿಗಳ ಪೈಕಿ ಮೂರಕ್ಕೆ ಒಂದೊಂದು ಜೋಡಿ ಕೊಟ್ಟು ನಾದವನ್ನು ತುಂಬುವ ಉಪಾಯ.

ಹೇಳಲು ಸುಲಭ, ನುಡಿಸುವುದು ಹಾಗಲ್ಲ. ಒಂದು ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಕೂದಲೆಳೆಯಷ್ಟು ಓರೆಯಾದರೂ ಎರಡು ತಂತಿ ಎರಡು ದಾರಿ ಹಿಡಿದು ಅಪಸ್ವರವಾಗುತ್ತದೆ. ಗಮಕದಲ್ಲಿ ಬೆರಳು ತೂಗುವಾಗ ಎರಡೂ ಒಂದೇ ಅಳತೆಯಲ್ಲಿ ತೂಗಬೇಕು. ಕಮಾನಿನ ಒತ್ತಡ ಹೆಚ್ಚಬೇಕು, ಆದರೆ ಕರ್ಕಶವಾಗಬಾರದು. ಶ್ರುತಿ ಕೂಡಿಸುವ ಕೆಲಸ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಬಿಸಿಲು ತೇವಕ್ಕೆ ಸಡಿಲುವ ತಂತಿಗಳೂ ಹೆಚ್ಚುತ್ತವೆ. ಈ ವಾದ್ಯವನ್ನು ಶುದ್ಧ ಸಂಪ್ರದಾಯದವರು ಆಕ್ಷೇಪಿಸಿದ್ದೂ ಉಂಟು. ಆದರೂ ಚೌಡಯ್ಯನವರು ಅದನ್ನು ಬಿಡಲಿಲ್ಲ. ಅವರ ಹೆಸರಿನ ಜೊತೆ ‘ಏಳು ತಂತಿ’ ಎಂಬುದು ಬಿಡಿಸಲಾಗದಂತೆ ಸೇರಿಕೊಂಡಿತು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ 1980ರಲ್ಲಿ ಎದ್ದು ನಿಂತದ್ದೂ ಏಳು ತಂತಿಯ ಪಿಟೀಲಿನ ಆಕಾರದಲ್ಲೇ. ಅದನ್ನು ಜನ ಬೆಂಗಳೂರಿನ ವಿಚಿತ್ರ ಕಟ್ಟಡವೆಂದು ಫೋಟೊ ತೆಗೆದುಕೊಳ್ಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಕೇಳುಗನಿಗೂ ಕೇಳಿಸಬೇಕು ಎಂಬ ಕಾಳಜಿಯಿಂದ ಹುಟ್ಟಿದ ಆಕಾರ ಅದು ಎಂದು ತಿಳಿದರೆ ಆ ಫೋಟೊದ ಬೆಲೆ ಹೆಚ್ಚುತ್ತದೆ.

ಚೆಂಬೈ ವೈದ್ಯನಾಥ ಭಾಗವತರ ಹಾಡು, ಚೌಡಯ್ಯನವರ ಪಿಟೀಲು, ಪಾಲ್ಘಾಟ್ ಮಣಿ ಅಯ್ಯರ್ ಮೃದಂಗ: ಆ ಕಾಲದ ಅತ್ಯಂತ ಜನಪ್ರಿಯ ಮೇಳಗಳಲ್ಲಿ ಇದೂ ಒಂದು. ಚೆಂಬೈಯವರದು ಕಂಚಿನ ಕಂಠ, ಅದಕ್ಕೆ ಸರಿಗಟ್ಟುವ ನಾದ ಏಳು ತಂತಿಯದು. 1943ರಲ್ಲಿ ಬಂದ ‘ವಾಣಿ’ ಎಂಬ ಕನ್ನಡ ಚಿತ್ರವನ್ನು ಚೌಡಯ್ಯನವರೇ ತಯಾರಿಸಿದರು. ಚೆಂಬೈಯವರೂ ಅದರಲ್ಲಿ ಕಾಣಿಸಿಕೊಂಡರು. ದ್ವಾರಂ ವೆಂಕಟಸ್ವಾಮಿ ನಾಯ್ಡು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ, ಚೌಡಯ್ಯ ಈ ಮೂವರನ್ನು ರಸಿಕರು ಪಿಟೀಲಿನ ತ್ರಿಮೂರ್ತಿಗಳೆಂದು ಕರೆದರು. ಮದರಾಸಿನ ಮ್ಯೂಸಿಕ್ ಅಕಾಡೆಮಿ 1957ರಲ್ಲಿ ಚೌಡಯ್ಯನವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರ ಜನವರಿಯಲ್ಲಿ ಅವರು ತೀರಿಕೊಂಡರು.

ಈ ಮೂವರಲ್ಲಿ ದ್ವಾರಂ ಅವರನ್ನು ಇಲ್ಲಿ ಬೇಕೆಂದೇ ಎಳೆದು ತರುತ್ತೇನೆ. ಅವರು ಹುಟ್ಟಿದ್ದು 1893ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಬೆಳೆದದ್ದು ವಿಶಾಖಪಟ್ಟಣದಲ್ಲಿ. ಕಣ್ಣು ಮಂದ. ಮೊದಲ ಪಾಠ ಅಣ್ಣನಿಂದ. 1919ರಲ್ಲಿ ವಿಜಯನಗರಂ ಮಹಾರಾಜರ ಸಂಗೀತ ಕಾಲೇಜು ಶುರುವಾದಾಗ ಇಪ್ಪತ್ತಾರು ತುಂಬುವ ಮೊದಲೇ ಅಲ್ಲಿ ಪಿಟೀಲಿನ ಅಧ್ಯಾಪಕರಾದರು, 1936ರಲ್ಲಿ ಪ್ರಾಂಶುಪಾಲರಾದರು. ವಿದ್ಯಾರ್ಥಿಯಾಗಿ ಸೇರಲು ಹೋದವರನ್ನೇ ಅಧ್ಯಾಪಕರನ್ನಾಗಿ ಮಾಡಿಕೊಂಡರು ಎಂಬ ಮಾತು ಇಂದಿಗೂ ಆಂಧ್ರದಲ್ಲಿ ಪ್ರಚಲಿತ. ಗುರುಕುಲದ ಹೊರಗೆ, ಗಂಟೆ ಹೊಡೆದಂತೆ ತರಗತಿ ನಡೆಯುವ ಜಾಗದಲ್ಲಿ ಪಿಟೀಲು ಕಲಿಸಬಹುದೇ ಎಂಬ ಪ್ರಶ್ನೆಗೆ ಅವರ ಬದುಕೇ ಉತ್ತರ. ಪಿಟೀಲನ್ನು ಪಕ್ಕದಿಂದ ನಡುವಿಗೆ ತಂದವರಲ್ಲೂ ಅವರು ಮೊದಲಿಗರು. 1938ರಲ್ಲಿ ವೆಲ್ಲೂರಿನಲ್ಲಿ ಗಾಯಕರಿಲ್ಲದೆ ಪಿಟೀಲನ್ನೇ ಪ್ರಧಾನ ವಾದ್ಯವಾಗಿಟ್ಟು ಕಛೇರಿ ನಡೆಸಿದರು. ಅಧ್ಯಾಪಕನೊಬ್ಬನಿಗೆ ಇದು ಸಾಧ್ಯವಾದುದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ದಿನವೂ ಹತ್ತು ಮಂದಿಗೆ ಒಂದು ಸಂಗತಿಯನ್ನು ಬಿಡಿಸಿ ತೋರಿಸಬೇಕಾದವನಿಗೆ ಅದರ ಒಳಗು ತಿಳಿಯುತ್ತದೆ. ಹಾಡಿನ ಊರುಗೋಲಿಲ್ಲದೆ ರಾಗವನ್ನು ಒಬ್ಬನೇ ಕಟ್ಟಬೇಕಾದಾಗ ಆ ತಿಳಿವಳಿಕೆಯೇ ನೆರವಿಗೆ ಬರುತ್ತದೆ.

ಹಿಂದೂಸ್ತಾನಿ ಕಡೆಯಿಂದಲೂ ಒಂದು ಉದಾಹರಣೆ ಹೇಳದಿದ್ದರೆ ಮಾತು ಅರ್ಧವಾದೀತು. ಕರ್ನಾಟಕ ಸಂಗೀತದ ಮನೆಯಲ್ಲಿ ಬೆಳೆದ ಎನ್. ರಾಜಂ, ಪಂಡಿತ ಓಂಕಾರನಾಥ ಠಾಕೂರರಲ್ಲಿ ಕಲಿತರು. ಠಾಕೂರರೂ ಗಾಯಕರು. ಆ ಗಾಯನವನ್ನು ತಂತಿಗೆ ಇಳಿಸುತ್ತ ರಾಜಂ ಹಿಂದೂಸ್ತಾನಿ ಪಿಟೀಲಿಗೆ ‘ಗಾಯಕಿ ಅಂಗ’ವನ್ನು, ಅಂದರೆ ಹಾಡಿನ ಶೈಲಿಯನ್ನು ಕೊಟ್ಟರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ದಶಕಗಳ ಕಾಲ ಕಲಿಸಿ ಸಂಗೀತ ವಿಭಾಗದ ಮುಖ್ಯಸ್ಥರೂ ಡೀನರೂ ಆದರು. ಮಗಳು ಸಂಗೀತಾ ಶಂಕರ್, ಮೊಮ್ಮಕ್ಕಳಾದ ರಾಗಿಣಿ ಮತ್ತು ನಂದಿನಿ ಅದೇ ದಾರಿಯಲ್ಲಿದ್ದಾರೆ. ಮೈಸೂರಿನಲ್ಲಿ ಎಂಟು ವರ್ಷ ನಡೆದದ್ದೇ ಬನಾರಸಿನಲ್ಲೂ ನಡೆಯಿತು: ಕಂಠದಿಂದ ಕಿವಿಗೆ, ಕಿವಿಯಿಂದ ತಂತಿಗೆ.

ಕರ್ನಾಟಕದಲ್ಲಿ ಚೌಡಯ್ಯನವರ ಏಳು ತಂತಿ ಮುಂದುವರಿದದ್ದು ಹೆಚ್ಚಾಗಿ ಶಿಷ್ಯರ ಮತ್ತು ಅದೇ ಪರಂಪರೆಯ ಗುರುಗಳ ಕೈಯಲ್ಲಿ. ವಿ. ಸೇತುರಾಮಯ್ಯ, ಕಂದದೇವಿ ಅಳಗಿರಿಸ್ವಾಮಿ ಚೌಡಯ್ಯನವರ ಶಿಷ್ಯರು. ರುದ್ರಪಟ್ಟಣ ಮೂಲದ ಆರ್.ಆರ್. ಕೇಶವಮೂರ್ತಿಯವರು ಏಳು ತಂತಿ ನುಡಿಸುತ್ತ, ಬೆಂಗಳೂರಿನಲ್ಲಿ ಹಲವು ತಲೆಮಾರುಗಳಿಗೆ ಕಲಿಸಿದರು. ಲಂಡನ್ನಿನಲ್ಲಿ ನೆಲೆಸಿ ಹೆಸರು ಮಾಡಿದ ಜ್ಯೋತ್ಸ್ನಾ ಶ್ರೀಕಾಂತ್, ಕೇಶವಮೂರ್ತಿಯವರಲ್ಲಿ ಕಲಿತವರು. ಮೈಸೂರಿನ ಮಹಾದೇವಪ್ಪನವರು ತಮ್ಮ ಮಕ್ಕಳಾದ ನಾಗರಾಜ್ ಮತ್ತು ಮಂಜುನಾಥರನ್ನು ಮನೆಯಲ್ಲೇ ತಯಾರು ಮಾಡಿದರು. ಮಂಜುನಾಥ್ ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆದರು. ಮೈಕ್ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು, ಅದು ಸಹಜ. ವಾದ್ಯ ಹಿಂದೆ ಸರಿದರೂ ತುಂಬುನಾದದ ಆಸೆ, ಹಾಡಿಗೆ ಹತ್ತಿರವಿರಬೇಕೆಂಬ ಹಟ ನಮ್ಮ ಪಿಟೀಲುಗಾರರಲ್ಲಿ ಉಳಿದಿದೆ.

ಈ ಪರಂಪರೆಯನ್ನು ಹೊಗಳುವಾಗ ಅದು ಯಾರನ್ನು ಹೊರಗಿಟ್ಟಿತ್ತು ಎಂಬುದನ್ನೂ ಹೇಳಲೇಬೇಕು. ಬಹಳ ಕಾಲ ಪುರುಷ ಗಾಯಕರು ಮಹಿಳೆಯರ ಪಕ್ಕವಾದ್ಯವನ್ನು ಒಪ್ಪುತ್ತಿರಲಿಲ್ಲ. ಪಕ್ಕದಲ್ಲಿ ಕೂತೇ ಕಲಿಯಬೇಕಾದ ವಿದ್ಯೆಯಲ್ಲಿ ಕೂರುವ ಜಾಗವೇ ಸಿಗದಿದ್ದರೆ ಪ್ರತಿಭೆ ಏನು ಮಾಡೀತು? ಎ. ಕನ್ಯಾಕುಮಾರಿ ಅವರು ಗಾಯಕಿ ಎಂ.ಎಲ್. ವಸಂತಕುಮಾರಿಯವರಿಗೆ ವರ್ಷಗಟ್ಟಲೆ ನುಡಿಸಿ ಅಲ್ಲೇ ಬೆಳೆದರು. 2016ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಸಂದಾಗ, ಆ ಬಿರುದು ಪಡೆದ ಮೊದಲ ಮಹಿಳಾ ಪಿಟೀಲು ಕಲಾವಿದೆ ಅವರು. ಚೌಡಯ್ಯನವರಿಗೆ ಸಿಕ್ಕು ಐವತ್ತೊಂಬತ್ತು ವರ್ಷವಾದ ಮೇಲೆ! ಕನ್ಯಾಕುಮಾರಿಯವರು ಶುಲ್ಕವಿಲ್ಲದೆ ಕಲಿಸುತ್ತ ಬಂದಿರುವುದನ್ನು ಸಂಗೀತಲೋಕ ಬಲ್ಲದು.

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ಪಕ್ಕವಾದ್ಯದವರ ಸಂಭಾವನೆ ಮುಖ್ಯ ಕಲಾವಿದರಿಗಿಂತ ಕಡಿಮೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆಕಾಶವಾಣಿಯ ಗ್ರೇಡ್ ಒಂದು ಮಾನ್ಯತೆ. ಕಾಲೇಜಿನ ಕೆಲಸ ಕೆಲವರಿಗಷ್ಟೆ. ಉಳಿದವರಿಗೆ ಪಾಠವೇ ಸಂಸಾರ ನಡೆಸುವ ದಾರಿ. ಸಂಜೆ ನಾಲ್ಕರಿಂದ ಮಕ್ಕಳು ಬರುತ್ತಾರೆ, ಸರಳೆ, ಜಂಟಿ, ಅಲಂಕಾರ ಮೂರು ಕಾಲಗಳಲ್ಲಿ ನಡೆಯುತ್ತವೆ. ವಾರದ ಕೊನೆಯಲ್ಲಿ ಕಛೇರಿ.

ಈಗ ಆ ಪಾಠದ ದೊಡ್ಡ ಪಾಲು ಪರದೆಯ ಮೇಲೆ ನಡೆಯುತ್ತದೆ. ಅಮೆರಿಕದ ಕನ್ನಡ ಮಕ್ಕಳಿಗೆ ಬೆಂಗಳೂರು ಮೈಸೂರಿನ ಗುರುಗಳು ಸಿಗುತ್ತಾರೆ. ಇದರಿಂದ ಆಗಿರುವ ಉಪಕಾರ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಒಂದು ಕೊರತೆ ಉಳಿದೇ ಉಳಿಯುತ್ತದೆ. ಧ್ವನಿ ಆ ಕಡೆಯಿಂದ ಈ ಕಡೆಗೆ ತಲುಪುವುದು ತುಸು ತಡ. ಮಾತಿಗೆ ಅದು ಗೊತ್ತಾಗುವುದಿಲ್ಲ, ತಾಳಕ್ಕೆ ಗೊತ್ತಾಗುತ್ತದೆ. ಗುರುವೂ ಶಿಷ್ಯೆಯೂ ಒಟ್ಟಿಗೆ ನುಡಿಸಲಾರರು. ಗುರು ನುಡಿಸಿ ನಿಲ್ಲಿಸಬೇಕು, ಶಿಷ್ಯೆ ಆಮೇಲೆ ನುಡಿಸಬೇಕು, ಗುರು ತಿದ್ದಬೇಕು. ಕೃತಿ ಹೀಗೆ ಬರುತ್ತದೆ, ಬೆರಳೂ ಪಳಗುತ್ತದೆ. ಹಾಡುತ್ತಿರುವ ಕಂಠದ ಬೆನ್ನಿಗೇ ಹೋಗುವುದು, ಅದು ತಿರುಗುವ ಮೊದಲೇ ತಿರುವನ್ನು ಊಹಿಸುವುದು ಮಾತ್ರ ಬರುವುದಿಲ್ಲ. ಪಕ್ಕವಾದ್ಯದ ಜೀವ ಇರುವುದೇ ಅದರಲ್ಲಿ.

ಊರಲ್ಲೇ ಇರುವ ಮಕ್ಕಳಿಗೂ ಆ ಅಭ್ಯಾಸ ಸಿಗುತ್ತಿದೆಯೆ? ಹಾಡು ಕಲಿಯುವ ಶಿಷ್ಯರು ಗುರುವಿನ ಹಿಂದೆ ತಂಬೂರಿ ಹಿಡಿದು ಕೂರುತ್ತಾರೆ, ನಡುವೆ ದನಿಗೂಡಿಸುತ್ತಾರೆ. ಹೀಗೆ ನೂರಾರು ಕಛೇರಿಗಳ ಒಳಗೆ ಇದ್ದು ಬೆಳೆಯುತ್ತಾರೆ. ಪಿಟೀಲು ಕಲಿಯುವವರಿಗೆ ಅಂಥ ಜಾಗವಿಲ್ಲ. ವೇದಿಕೆಯ ಮೇಲೆ ಎರಡನೆಯ ಪಿಟೀಲಿಗೆ ಕೆಲಸವಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆ ಮುಗಿಸಿದ ಮೇಲೂ ಎಷ್ಟೋ ಹುಡುಗ ಹುಡುಗಿಯರು ಒಬ್ಬ ಗಾಯಕರ ಮನೋಧರ್ಮಕ್ಕೆ ಒಮ್ಮೆಯೂ ಪಕ್ಕವಾದ್ಯ ನುಡಿಸಿರುವುದಿಲ್ಲ. ಪರೀಕ್ಷೆಯಲ್ಲಿ ಅವರು ನುಡಿಸುವುದು ಒಬ್ಬರೇ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲೇ ಇದೆ. ಪಿಟೀಲು ಗುರುಗಳು ತಿಂಗಳಿಗೆ ಒಂದೆರಡು ಪಾಠಗಳನ್ನಾದರೂ ಪಕ್ಕದ ಬೀದಿಯ ಹಾಡಿನ ಗುರುಗಳ ಜೊತೆ ಸೇರಿ ಮಾಡಲಿ. ಅವರ ಶಿಷ್ಯೆ ಆಲಾಪನೆ ಮಾಡಲಿ, ಇವರ ಶಿಷ್ಯ ಹಿಂಬಾಲಿಸಲಿ. ತಪ್ಪಿದರೆ ಇಬ್ಬರೂ ಕಲಿಯುತ್ತಾರೆ. ರಾಮನವಮಿಯ ಕಛೇರಿಗಳನ್ನು ನಡೆಸುವ ಸಭೆಗಳು ಮಧ್ಯಾಹ್ನದ ಕಿರಿಯರ ಕಛೇರಿಗಳನ್ನು ಕೈಬಿಡದೆ, ಅಲ್ಲಿ ಪಕ್ಕವಾದ್ಯಕ್ಕೆ ಕಿರಿಯರನ್ನೇ ಕೂರಿಸಲಿ. ಆಹ್ವಾನಪತ್ರದಲ್ಲಿ ಅವರ ಹೆಸರನ್ನು ಹಾಡುವವರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ. ಹೆಸರಾದ ಗಾಯಕರಲ್ಲಿ ನನ್ನದೊಂದು ಬಿನ್ನಹವಿದೆ. ಬಾಲಕ ಪಾಲ್ಘಾಟ್ ಮಣಿಯನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಮುಂದಕ್ಕೆ ತಂದವರಲ್ಲಿ ಚೆಂಬೈ ಮುಖ್ಯರು. ನೀವೂ ವರ್ಷದ ನಿಮ್ಮ ಕಛೇರಿಗಳಲ್ಲಿ ಒಂದೆರಡನ್ನು ಇನ್ನೂ ಹೆಸರಾಗದ ಪಿಟೀಲು ಕಲಾವಿದರಿಗೆ ಮೀಸಲಿಡಿ.